ಗಾದಿ, ಗಾಡಿ ಮತ್ತು ನನ್ನ ಮೊದಲನೇ ನಂಬರು

ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವ ರೂಢಿ ಹಲವರಿಗೆ ಇರುತ್ತದೆ. ನಾನೂ ನೋಡಿಕೊಳ್ಳುತ್ತೇನೆ, ನನ್ನ ಅಂಗೈಯಲ್ಲಿ ಫೋನಿರುತ್ತದೆ, ಅಷ್ಟೇ ವ್ಯತ್ಯಾಸ. ಅದರಲ್ಲಿ ನನ್ನನ್ನು ನಾನೇ ಹುಡುಕುತ್ತೇನೆ. ಹಳಿಯಾಳದಲ್ಲಿ ಹುಟ್ಟಿ ಹಳಿಯಾಳದಲ್ಲೇ ಐವತ್ತು ದಾಟಿದವನು ನಾನು. ಪೇಟೆಯ ಯಾವ ಅಂಗಡಿಯಲ್ಲಿ ಕೇಳಿದರೂ "ಹುಸೇನಸಾಬ್ರ ಅಂಗಡಿ ಏನ್ರಿ, ಅಕಾ ಅಲ್ಲಿ" ಎಂದು ಬೆರಳು ಮಾಡಿ ತೋರಿಸುತ್ತಾರೆ. ಅಂಥವನು ಚಹಾಕ್ಕಿಂತ ಮೊದಲು, ಮುಖ ತೊಳೆಯುವುದಕ್ಕಿಂತಲೂ ಮೊದಲು, ತಾನು ಎಲ್ಲಿದ್ದೇನೆ ಎಂದು ಒಂದು ಯಂತ್ರವನ್ನು ಕೇಳುತ್ತ ಕೂಡುವುದರಲ್ಲಿ ನನ್ನ ಹೆಂಡತಿ ಮಮ್ತಾಜಳಿಗೆ ಏನೋ ನಾಚಿಕೆಯ ಸಂಗತಿ ಕಾಣಿಸುತ್ತದೆ. "ಇಲ್ಲೇ ಕುಂತೀರಿ, ನಾ ನೋಡಾಕತ್ತೇನಿ. ಮತ್ಯಾಕ ಹುಡುಕ್ತೀರಿ?" ಎನ್ನುತ್ತಾಳೆ. ಹೆಂಡತಿ ಕಂಡರೆ ಸಾಲದು, ಜಗತ್ತೂ ಕಾಣಬೇಕು, ಅದೂ ಮೊದಲ ಪುಟದಲ್ಲಿ ಕಾಣಬೇಕು ಎಂಬುದನ್ನು ಅವಳಿಗೆ ಹೇಗೆ ತಿಳಿಸಲಿ?

ಮೊದಲನೆಯವನಾಗಬೇಕೆಂಬ ಹಂಬಲ ನನಗೆ ಹುಟ್ಟಿನಿಂದಲೇ ಇದ್ದಿರಬೇಕು. ಶಾಲೆಯಲ್ಲಿ ನಾನು ಮೊದಲಿಗನಾಗಿದ್ದದ್ದು ಪ್ರಾರ್ಥನೆಯ ಸಾಲಿನಲ್ಲಿ ಮಾತ್ರ, ಅದೂ ಕುಳ್ಳಗಿದ್ದ ಕಾರಣಕ್ಕೆ. ಏಳನೆಯ ಇಯತ್ತೆ ಮುಗಿಯುವ ಮುಂಚೆ ಅಪ್ಪ ಬಂದು ಮಾಸ್ತರರ ಹತ್ತಿರ ಎರಡು ಮಾತಾಡಿ ನನ್ನನ್ನು ಕರೆದುಕೊಂಡು ಹೋದ. ನಮ್ಮದು ಪಿಂಜಾರರ ಮನೆ. ಅರಳೆ ಹಿಂಜಿ ಗಾದಿ ಹೊಲಿಯುವ ಕಸುಬು. ಅಂದಿನಿಂದ ಇಂದಿನವರೆಗೆ ನಾನು ಯಾರ ಕೈಕೆಳಗೂ ದುಡಿದವನಲ್ಲ. ಈ ಮಾತನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಓದುಗರಾದ ನಿಮಗೂ ಹೇಳಿದೆ. ಇವತ್ತಿನ ಊಟದ ವ್ಯವಸ್ಥೆ ಆಯಿತು.

ಈ ಹೆಮ್ಮೆಗೆ ಕುತ್ತು ಬಂದದ್ದು ನಮ್ಮ ಮಲ್ಲಪ್ಪನಿಂದ. ಅವನು ನನ್ನ ಶಾಲೆಯ ಗೆಳೆಯ. ಪ್ರಾರ್ಥನೆಯ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದವನು ಜೀವನದಲ್ಲಿ ಮುಂದೆ ಹೋದ. ನನ್ನ ಅಂಗಡಿಯ ಎದುರಿಗೇ ಗಾಜಿನ ಬಾಗಿಲಿನ ಫೋಮ್ ಹಾಸಿಗೆಯ ಶೋರೂಮ್ ತೆರೆದ. ತೆರೆದ ದಿನವೇ ಬಂದು, "ಹುಸೇನಿ, ಈ ಅರಳಿ ಬಡಿಯೂ ಬಡಗಿ, ದಬ್ಬಣ ಎಲ್ಲಾ ಎತ್ತಿ ಇಡೋ. ನಿನ್ನ ಬಾಯಿ ಚೊಲೋ ಐತಿ. ಬಂದು ನನ್ನ ಅಂಗಡ್ಯಾಗ ಕೂಡು, ಗಿರಾಕಿ ಕೂಡ ಮಾತಾಡು, ಅಷ್ಟ ಸಾಕು" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅವನ ಗಾಜಿನ ಬಾಗಿಲು ತಳ್ಳುವುದನ್ನು ಅವನಿಗಿಂತ ಮೊದಲು ನಾನೇ ನೋಡುತ್ತಿದ್ದೆ. ಆದರೂ ಹೇಳಿದೆ: "ಮಲ್ಲಪ್ಪಾ, ಈ ಜನ್ಮದಾಗ ಆಗೂದಿಲ್ಲ." ಆ 'ಈ ಜನ್ಮ' ಎಂಬುದು ಕುಗ್ಗುತ್ತ ಕುಗ್ಗುತ್ತ 'ಈ ಸಲದ ಮಳೆ ಹಿಡಿಯುವವರೆಗೆ' ಎಂದು ಆದದ್ದೇ ನಾನು ಹೇಳಹೊರಟ ಕತೆ.

ನನ್ನ ಮಗಳು ರೇಷ್ಮಾಳನ್ನು ದಾಂಡೇಲಿಗೆ ಕೊಟ್ಟಿದೆ. ಅಲ್ಲಿ ಅವಳದೇ ಒಂದು ಕಂಪ್ಯೂಟರ್ ಅಂಗಡಿ ಇದೆ. ಅರ್ಜಿ ತುಂಬುವುದು, ಲಗ್ನಪತ್ರಿಕೆ ಮಾಡುವುದು, ಹೋಂಸ್ಟೇಯವರಿಗೆ ವೆಬ್‌ಸೈಟ್ ಕಟ್ಟಿಕೊಡುವುದು ಅವಳ ಕೆಲಸ. "ಅಬ್ಬಾ, ನಿಮಗೂ ಒಂದು ಮಾಡ್ತೇನಿ. ಈಗಿನ ಮಂದಿ ಬೀದ್ಯಾಗ ನೋಡೂದಿಲ್ಲ, ಫೋನಿನ್ಯಾಗ ನೋಡ್ತಾರ" ಎಂದಳು. ನಾನು ಒಪ್ಪಿದೆ, ಆದರೆ ಒಂದು ಷರತ್ತು ಹಾಕಿದೆ. ಅವಳು 'ಹಾಸಿಗೆ' ಎಂದು ಬರೆದಿದ್ದಳು. "ನಮ್ಮ ಕಡೆ ಯಾರವಾ ಹಾಸಿಗಿ ಅಂತಾರ? ಗಾದಿ ಅಂತಾರ. ಗಾದಿ ಅಂತನ ಬರಿ. ಮಂದಿ ಒತ್ತೂದು ಇಂಗ್ಲಿಷ್ ಅಕ್ಷರ, ಅದಕ್ಕ ಇಂಗ್ಲಿಷ್ ಅಕ್ಷರದಾಗ ಬರಿ" ಎಂದು ಹಟ ಹಿಡಿದೆ. ಏಳನೆಯ ಇಯತ್ತೆ ಬಿಟ್ಟವನ ಇಂಗ್ಲಿಷ್ ಜ್ಞಾನ ಇಲ್ಲಿ ಕೆಲಸ ಮಾಡಿತು ನೋಡಿ. ಆ ಭಾಷೆಯಲ್ಲಿ 'ದ'ಕ್ಕೂ 'ಡ'ಕ್ಕೂ ಒಂದೇ ಅಕ್ಷರ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. 'ಹಳೆ ಗಾದಿ ಹೊಸದರಂತೆ ರಿಪೇರಿ. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ. ಇದ್ದಲ್ಲಿಗೇ ಬಂದು ಒಯ್ಯುತ್ತೇವೆ' ಎಂದು ನಾನು ಹೇಳಿದ್ದು, ಇಡೀ ಜಗತ್ತಿಗೆ 'ಹಳೆ ಗಾಡಿ ರಿಪೇರಿ, ಇದ್ದಲ್ಲಿಗೇ ಬಂದು ಒಯ್ಯುತ್ತೇವೆ' ಎಂದು ಕೇಳಿಸಿತು.

ಹುಡುಕಿಕೊಡುವ ಆ ಯಂತ್ರದ ಹೆಸರು ನಿಮಗೆ ಗೊತ್ತೇ ಇದೆ. ನಾನು ಅದಕ್ಕೆ ಸಾಹೇಬ ಎನ್ನುತ್ತೇನೆ. ಯಾರಿಗೆ ಬಡ್ತಿ ಕೊಟ್ಟಿತು, ಯಾರನ್ನು ಎತ್ತಿ ಎಲ್ಲಿಗೋ ವರ್ಗ ಮಾಡಿತು ಎಂಬುದಕ್ಕೆ ಅದು ಕಾರಣ ಹೇಳುವುದಿಲ್ಲ, ನಾವು ಕೇಳುವಂತೆಯೂ ಇಲ್ಲ. ಆ ಸಾಹೇಬ ಕೆಲವೇ ದಿನಗಳಲ್ಲಿ ನನ್ನನ್ನು ನಾಲ್ಕು ತಾಲೂಕುಗಳ ತಲೆಯ ಮೇಲೆ ಮೊದಲನೇ ನಂಬರಿನಲ್ಲಿ ಕೂರಿಸಿಬಿಟ್ಟ. ರೇಷ್ಮಾ ಫೋನು ಮಾಡಿ, "ಅಬ್ಬಾ, ಫಸ್ಟ್ ಬಂದೀರಿ!" ಎಂದಳು. ಆ ಮಾತು ಕೇಳಲು ನಾನು ನಾಲ್ಕು ದಶಕ ಕಾದಿದ್ದೆ. ಮರುದಿನವೇ ಮೊದಲ ಫೋನು ಬಂತು. ದನಿ ಸರಿ ಕೇಳಿಸುತ್ತಿರಲಿಲ್ಲ. ಹಾಗಿದ್ದಾಗ ಮನುಷ್ಯ ತನಗೆ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತಾನೆ.

"ರಿಪೇರಿಯವರೇನ್ರಿ?"

"ಹೌದ್ರಿ, ಹೇಳ್ರಿ."

"ಅನಮೋಡದ ಹತ್ರ ಅದೇವ್ರಿ. ಪೂರಾ ಕುಂತಬಿಟ್ಟೈತಿ."

"ಕುಂತಿರತೈತಿ ಬಿಡ್ರಿ. ಎಷ್ಟ ವರ್ಷದ್ದು?"

"ಹನ್ನೆರಡು ಆತ್ರಿ."

"ಹನ್ನೆರಡು ವರ್ಷ ಒಮ್ಮಿನೂ ಬಿಚ್ಚಿಸಿಲ್ಲೇನು? ಎಷ್ಟ ಮಂದಿ ಅದೀರಿ?"

"ಏಳು ಮಂದಿ."

"ಒಂದರ ಮ್ಯಾಲ ಏಳು ಮಂದಿ?"

"ಮತ್ತೇನ ಮಾಡೂದ್ರಿ, ಸಣ್ಣ ಹುಡುಗರು. ಒಬ್ಬರ ತೊಡಿ ಮ್ಯಾಲ ಒಬ್ಬರು ಅಡ್ಜಸ್ಟ್ ಮಾಡ್ಕೊಂಡಿದ್ವಿ."

"ಅದಕ್ಕ ಕುಂತೈತ್ರಿ ಅದು. ಹೆದರಬ್ಯಾಡ್ರಿ. ಒಳಗಿಂದೆಲ್ಲಾ ಹೊರಗ ತಗದು, ಎರಡು ದಿನ ಬಿಸಲಿಗೆ ಹಾಕಿ, ಬಡಗಿ ತಗೊಂಡು ಚೊಲೋತ್ನ್ಯಾಗ ಬಡದು, ಮತ್ತ ತುಂಬಿ ಹೊಲದು ಕೊಡ್ತೇನಿ."

ಆ ಕಡೆಯವನು ಅಳುಕಿದ ದನಿಯಲ್ಲಿ, "ಏನ್ ಬಡೀತೀರಿ?" ಎಂದ. "ಒಳಗಿಂದು" ಎಂದೆ. "ರೀ, ಡೀಸೆಲ್ ಎಂಜಿನ್ ಐತ್ರೀ ಅದು!"

ಅವರನ್ನು ರಸ್ತೆಯಲ್ಲಿ ಬಿಡಲಾದೀತೆ? ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆ ಆಚೆ ಪರಶುರಾಮನ ಗ್ಯಾರೇಜು. ಅವನಿಗೆ ಹೇಳಿದೆ. ಅವನು ಆ ಕಡೆಯ ತನ್ನ ಗುರುತಿನ ಮೆಕ್ಯಾನಿಕ್ಕನನ್ನು ಕಳಿಸಿದ. ಆಮೇಲೆ ಜೋಯಿಡಾದ ಕಾಡಿನಿಂದ ಒಂದು ಜೀಪು, ಮುಂಡಗೋಡದ ರಸ್ತೆಯಿಂದ ಒಂದು ಟೆಂಪೊ, ದಾಂಡೇಲಿಗೆ ಬಂದ ಪ್ರವಾಸಿಗಳ ಕಾರುಗಳು, ಹೀಗೆ ದಿನಾ ಬರತೊಡಗಿದವು. ಪರಶುರಾಮ ಗ್ಯಾರೇಜನ್ನು ದೊಡ್ಡದು ಮಾಡಿದ. "ಹುಸೇನ್‌ಭಾಯ್, ನಿಮ್ಮ ಗಾದಿ ಮ್ಯಾಲ ನಮ್ಮ ಗಾಡಿ ನಡದೈತಿ ನೋಡ್ರಿ" ಎಂದು ದಿನಕ್ಕೆರಡು ಸಲ ಚಹಾ ಕಳಿಸುತ್ತಿದ್ದ. ಆ ತಪ್ಪನ್ನು ನಾನು ಆಗಲೇ ತಿದ್ದಿಸಬಹುದಿತ್ತು. ರೇಷ್ಮಾ ಹೇಳಿದಳು ಕೂಡ: "ಅಬ್ಬಾ, ನೀವು ಗಾಡಿಯೊಳಗ ಫಸ್ಟ್, ಗಾದಿಯೊಳಗ ಅಲ್ಲ. ಹೆಸರು ಬದಲಿ ಮಾಡೂಣು." ನಾನು ಒಪ್ಪಲಿಲ್ಲ. ಮೊದಲನೇ ನಂಬರು ಅಂದರೆ ಮೊದಲನೇ ನಂಬರು, ಯಾವುದರಲ್ಲಿ ಎಂದು ಕೇಳುವವರು ಅಸೂಯೆಯಿಂದ ಕೇಳುತ್ತಾರೆ ಎಂದು ತೀರ್ಮಾನಿಸಿದೆ. ಗಾದಿಗಾಗಿ ಬಂದ ಫೋನುಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಆದರೆ ಫೋನು ಮಾತ್ರ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಎದುರು ಅಂಗಡಿಯ ಗಾಜಿನೊಳಗಿಂದ ಮಲ್ಲಪ್ಪ ಅದನ್ನು ನೋಡುತ್ತಿದ್ದ. ಅಷ್ಟು ಸಾಕಿತ್ತು ನನಗೆ.

ಒಂದು ಮುಂಜಾನೆ ಅಂಗೈ ನೋಡಿಕೊಂಡರೆ ನಾನು ಇರಲಿಲ್ಲ. ಮೊದಲನೇ ನಂಬರಿನಲ್ಲಿ ಇಲ್ಲ, ಮೊದಲ ಪುಟದಲ್ಲೇ ಇಲ್ಲ. ಕನ್ನಡಿಯ ಮುಂದೆ ನಿಂತಾಗ ಹಿಂದಿನ ಗೋಡೆಯಷ್ಟೇ ಕಂಡರೆ ಹೇಗಾದೀತು, ಹಾಗಾಯಿತು. ರೇಷ್ಮಾಳಿಗೆ ಫೋನು ಮಾಡಿದರೆ ಅವಳು ನಗುತ್ತ, "ಸಾಹೇಬ ಕಾಯ್ದೆ ಬದಲಿ ಮಾಡ್ಯಾನ ಅಬ್ಬಾ. ಈಗ ಅವಂಗ ಗಾದಿ ಯಾವುದು, ಗಾಡಿ ಯಾವುದು ತಿಳೀತೈತಿ. ಗಾಡಿ ಅಂದಾವರಿಗೆ ಗ್ಯಾರೇಜ್ ತೋರಸ್ತಾನ" ಎಂದಳು. ನ್ಯಾಯವಾದ ಮಾತು. ಆದರೆ ನ್ಯಾಯ ನಮ್ಮ ವಿರುದ್ಧ ಬಂದಾಗ ಅದನ್ನು ನ್ಯಾಯವೆಂದು ಒಪ್ಪಿಕೊಳ್ಳುವಷ್ಟು ದೊಡ್ಡವನು ನಾನಲ್ಲ. "ಹಂಗಾದ್ರ ಗಾದಿ ಅಂದಾವರಿಗೆ ನನ್ನ ತೋರಸಬೇಕಲ್ಲ?" ಎಂದೆ. "ಅವರಿಗೆ ಶೋರೂಮ್ ತೋರಸ್ತಾನ" ಎಂದಳು. ಫೋನು ಬಡಿದುಕೊಳ್ಳುವುದು ನಿಂತಿತು. ಪರಶುರಾಮ ಈಗ ಸ್ವಂತ ವೆಬ್‌ಸೈಟ್ ಮಾಡಿಸಿಕೊಂಡಿದ್ದ. ಚಹಾ ಮಾತ್ರ ಕಳಿಸುವುದನ್ನು ಬಿಡಲಿಲ್ಲ, ಪಾಪ. ಮಲ್ಲಪ್ಪ ರಸ್ತೆ ದಾಟಿ ಬಂದ. ಆಗ ಚಳಿಗಾಲ ಮುಗಿಯುತ್ತ ಬಂದಿತ್ತು. ಮಳೆ ಹಿಡಿದರೆ ಅರಳೆಯ ಕೆಲಸ ನಾಲ್ಕು ತಿಂಗಳು ಬಂದ್. ಅರಳೆ ಒದ್ದೆ ಗಾಳಿಯನ್ನು ಕುಡಿದು ಕಲ್ಲಾಗುತ್ತದೆ. ಬೇಸಿಗೆಯಲ್ಲಿ ದುಡಿದದ್ದರ ಮೇಲೆಯೇ ಮಳೆಗಾಲ ಕಳೆಯಬೇಕು. ಇದು ಅವನಿಗೂ ಗೊತ್ತಿತ್ತು. "ಮಳಿ ಹಿಡಿಯೂತನಕ ನೋಡು. ಆಮ್ಯಾಲ ಹಟ ಮಾಡಬ್ಯಾಡ" ಎಂದ. ನಾನು 'ಈ ಜನ್ಮದಾಗ' ಎಂದು ಶುರುಮಾಡಿ, "ಆತು, ಮಳಿ ಹಿಡಿಯೂತನಕ" ಎಂದು ಮುಗಿಸಿದೆ. ಒಂದೇ ವಾಕ್ಯದಲ್ಲಿ ಅಷ್ಟು ಕೆಳಗೆ ನಾನು ಎಂದೂ ಇಳಿದಿರಲಿಲ್ಲ.

ಮರುದಿನ ದಾಂಡೇಲಿಯ ಬಸ್ಸು ಹತ್ತಿದೆ. ರೇಷ್ಮಾಳ ಅಂಗಡಿಯಲ್ಲಿ ನನಗಿಂತ ಮೊದಲೇ ಒಬ್ಬರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಜೋಯಿಡಾದ ಕಡೆ ಕಾಳಿ ನದಿಯ ದಂಡೆಯಲ್ಲಿ ಹೋಂಸ್ಟೇ ನಡೆಸುವ ಗಾಂವಕರ್ ಮಾಮಾ. ಅವರೂ ಮೊದಲ ಪುಟದಿಂದ ಬಿದ್ದವರು. ಒಂದೇ ಮರದಿಂದ ಬಿದ್ದ ಇಬ್ಬರಲ್ಲಿ ಸ್ನೇಹ ಬೇಗ ಬೆಳೆಯುತ್ತದೆ. ಬಿದ್ದ ಗಾಬರಿಯಲ್ಲಿ ಅವರು ಯಾರದೋ ಮಾತು ಕೇಳಿ, ತಾನಾಗಿಯೇ ಬರೆಯುವ ಒಂದು ಯಂತ್ರದಿಂದ ತಮ್ಮ ಪುಟಕ್ಕೆ ಉದ್ದುದ್ದ ಬರಹ ಬರೆಸಿದ್ದರು. ಉತ್ತರ ಕನ್ನಡ ಜಿಲ್ಲೆ ಎಂದ ಕೂಡಲೇ ಆ ಯಂತ್ರಕ್ಕೆ ಸಮುದ್ರ ನೆನಪಾಗಿದೆ. 'ಮುಂಜಾನೆ ಕಡಲಿನ ಅಲೆಗಳ ಸಪ್ಪಳಕ್ಕೆ ಕಣ್ಣು ತೆರೆಯಿರಿ' ಎಂದು ಬರೆದು ಕೊಟ್ಟಿದೆ. ಮಾಮಾ ಓದಿ ನೋಡಲಿಲ್ಲ. "ಚಂದ ಇತ್ತು ಕಣಾ, ಉದ್ದ ಇತ್ತು. ಉದ್ದ ಇದ್ದದ್ದನ್ನ ಯಾರು ಓದ್ತಾರೆ?" ಎಂದರು. ಓದಿದವರು ಬಂದರು. "ಎಲ್ಲಾರೂ ಸಮುದ್ರಕ್ಕೆ ಹೋಗೂ ಬಟ್ಟೇಲಿ. ಒಂದು ಸಣ್ಣ ಹುಡುಗಿ ಮರಳಿನ ಬಕೆಟ್ ಹಿಡ್ಕೊಂಡು ನಿಂತು, ಅಜ್ಜಾ ಸಮುದ್ರ ಎಲ್ಲಿ ಅಂತು. ನಾ ಎಂತ ಹೇಳೂದು? ಕಾಳೀ ನದಿ ತೋರಿಸಿದೆ. ಇದು ಸಮುದ್ರಕ್ಕೇ ಹೋಗೂದು ಪುಟ್ಟಾ, ಸ್ವಲ್ಪ ತಡ ಆಗ್ತದೆ ಅಷ್ಟೇ ಅಂದೆ."

ಬಸ್ಸಿನಲ್ಲಿ ಮರಳುವಾಗ ನಗು ಬರುತ್ತಿತ್ತು, ನಗುವಿನ ಕೆಳಗೆ ಮತ್ತೇನೋ ಇತ್ತು. ನನ್ನ ಅಪ್ಪ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ. "ಗಾದಿ ಹೊಲಸ್ತೀರೇನ್ರಿ" ಎಂದು ಎಂದೂ ಕೂಗಿದವನಲ್ಲ. ಓಣಿಯ ಬಾಯಿಗೆ ನಿಂತು ಬಿಲ್ಲಿನ ನರವನ್ನು ಒಮ್ಮೆ ಮೀಟುತ್ತಿದ್ದ. ಟಂಯ್ ಎಂದು ಒಂದು ನಾದ. ಬೇಕಾದವರು ಬಾಗಿಲು ತೆರೆಯುತ್ತಿದ್ದರು. ಯಾರೂ ತೆರೆಯದಿದ್ದರೆ ಮುಂದಿನ ಓಣಿಗೆ, ಅಲ್ಲೂ ಇಲ್ಲದಿದ್ದರೆ ಮುಂದಿನ ಊರಿಗೆ ನಡೆಯುತ್ತಿದ್ದ. ಓಣಿ ಬದಲಿಸಿದ, ಊರು ಬದಲಿಸಿದ. ಆ ನಾದವನ್ನು ಬದಲಿಸಬೇಕೆಂದು ಅವನಿಗೆ ಎಂದೂ ಅನ್ನಿಸಿರಲಿಕ್ಕಿಲ್ಲ. ನಾವೋ ಈಗ ಕೂತಲ್ಲಿಂದ ಏಳುವುದಿಲ್ಲ, ಸಾಹೇಬನ ಮುಖ ನೋಡಿ ನೋಡಿ ನಾದವನ್ನಷ್ಟೇ ಬದಲಿಸುತ್ತಿದ್ದೇವೆ. ಗಾಂವಕರ್ ಮಾಮಾ ಕಾಡಿನೊಳಗೆ ಸಮುದ್ರ ತಂದರು. ನಾನು ಅರಳೆಯೊಳಗೆ ಎಂಜಿನ್ನು ತುಂಬಿಸಿಕೊಂಡು ಮೊದಲಿಗನಾಗಿ ಮೆರೆದೆ. ಇಬ್ಬರಲ್ಲಿ ಯಾರು ಹೆಚ್ಚಿನ ಮೂರ್ಖರು ಎಂದು ಯೋಚಿಸುತ್ತಿದ್ದಾಗ ಹಳಿಯಾಳ ಬಂತು. ಉತ್ತರ ಸಿಗುವ ಮುಂಚೆ ಇಳಿದುಬಿಟ್ಟೆ.

ಇಷ್ಟು ಒಳ್ಳೆಯ ವಿಚಾರ ಬಂದ ಮೇಲೆ ನಾನು ತಿದ್ದಿಕೊಂಡೆ ಎಂದುಕೊಂಡಿರಾ? ಇಲ್ಲ. ಸಾಹೇಬನಿಗೆ ಈಗ ದೊಡ್ಡ ಬರಹಗಳು ಇಷ್ಟವೆಂದು ಯಾರೋ ಹೇಳಿದರು. ಯಂತ್ರದಿಂದ ಏಕೆ ಬರೆಸಬೇಕು, ನಾನೇ ಬರೆಯುತ್ತೇನೆ ಎಂದು ಕೂತೆ. ಕಡಿಮೆ ಓದಿದವನ ಕೈಗೆ ಲೇಖನಿ ಸಿಕ್ಕರೆ ಅವನಿಗೆ ಗೊತ್ತಿರುವ ದೊಡ್ಡ ಶಬ್ದಗಳೆಲ್ಲ ಬಾಗಿಲಿಗೆ ನುಗ್ಗಿ ಬರುತ್ತವೆ. ಹದಿನೈದು ದಿನ ತಿಣುಕಿ, 'ಮಾನವನ ಶಯನಸುಖದಲ್ಲಿ ಕಾರ್ಪಾಸದ ಪಾತ್ರ' ಎಂಬ ಒಂದು ಲೇಖನ ಬರೆದೆ. ಕಾರ್ಪಾಸವೆಂದರೆ ನಮ್ಮ ಅರಳೆಯೇ. ಸನ್ಮಾನ ಸಮಾರಂಭಗಳಲ್ಲಿ ಕೇಳಿದ ಶಬ್ದ ಒಂದೂ ಬಿಟ್ಟುಹೋಗದಂತೆ ನೋಡಿಕೊಂಡೆ. 'ಗಾದಿ' ಎಂಬ ಶಬ್ದ ನನಗೆ ಮೋಸ ಮಾಡಿತ್ತಲ್ಲ, ಅದನ್ನು ಒಂದು ಸಲವೂ ಬಳಸಲಿಲ್ಲ. ರೇಷ್ಮಾ ಹಬ್ಬಕ್ಕೆ ತವರಿಗೆ ಬಂದಾಗ ಓದಿದಳು. ಎರಡನೆಯ ಪುಟಕ್ಕೆ ಕನ್ನಡಕ ತೆಗೆದು ಒರೆಸಿದಳು. "ಅಬ್ಬಾ, ಇದನ್ನ ಓದಿದಾವ ಗಾದಿ ಕೊಳ್ಳೂ ಮೊದಲನ ಮಲಗಿಬಿಡ್ತಾನ" ಎಂದಳು. ಮಮ್ತಾಜ ಒಳಗಿನಿಂದ, "ಕಾರ್ಪಾಸ ಅಂದ್ರ ಯಾರೋ ಸತ್ತಂಗ ಕೇಳಸ್ತೈತಿ" ಎಂದಳು.

ಮುಖ ಊದಿಸಿಕೊಂಡು ಕೂತ ನನ್ನ ಮುಂದೆ ರೇಷ್ಮಾ ಫೋನು ಇಟ್ಟಳು. "ನೀವು ಬರೀಬ್ಯಾಡ್ರಿ. ಅಂಗಡಿಗೆ ಬಂದ ಮಂದಿ ಏನ ಕೇಳ್ತಾರ, ನೀವು ಅವರಿಗೇನ ಹೇಳ್ತೀರಿ, ಅದನ್ನ ಹಂಗ ಹೇಳ್ರಿ. ನಾ ಬರಕೋತೇನಿ." ಗಿರಾಕಿಯಂತೆ ಅವಳು ಕೇಳುತ್ತ ಹೋದಳು. ಗಾದ್ಯಾಗ ಗಂಟು ಯಾಕ ಬೀಳ್ತಾವು? ಬೆನ್ನು ನೋವಿದ್ದವರು ಎಷ್ಟು ಬಿಗಿ ತುಂಬಿಸಬೇಕು? ಕೂಸಿನ ಗಾದಿಗೆ ಯಾವ ಅರಳೆ? ನಾನು ಹೇಳುತ್ತ ಹೋದೆ. ಮೂವತ್ತೈದು ವರ್ಷ ಹೇಳಿದ್ದೇ ಆದ್ದರಿಂದ ನಾಲಿಗೆ ತಾನಾಗಿಯೇ ಓಡುತ್ತಿತ್ತು. ಆಮೇಲೆ ಕೇಳಿದಳು: "ಹಳೇ ಗಾದಿ ತಿಪ್ಪಿಗೆ ಒಗದಬಿಡೂದೇನ್ರಿ?"

ನಾಲಿಗೆ ನಿಂತಿತು. ಈ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರಗಳಿವೆ. ಅಂಗಡಿಯಲ್ಲಿ ಹೇಳುವುದು ಒಂದು: "ಅರಳಿ ಸತ್ತೈತ್ರಿ, ಅರ್ಧಾ ಹೊಸಾದು ಕೂಡಿಸೂಣು." ಇನ್ನೊಂದು, ಅಪ್ಪ ನನಗೆ ಹೇಳಿಕೊಟ್ಟದ್ದು. ಅರಳೆ ಸಾಯುವುದಿಲ್ಲ, ದಣಿಯುತ್ತದೆ. ಎರಡು ಬಿಸಿಲು ಕೊಟ್ಟು ಹಿಂಜಿದರೆ ಇಪ್ಪತ್ತು ವರ್ಷದ ಅರಳೆಯೂ ಮತ್ತೆ ಎದ್ದು ಕೂಡುತ್ತದೆ. ಗಂಟು ಲಿಂಬೆಹಣ್ಣಿನಷ್ಟಿದ್ದರೆ ಪಿಂಜಾರನೂ ಬೇಡ, ಮನೆಯವರೇ ಬಿಡಿಸಿ, ಬಿಸಿಲಿಗೆ ಹಾಕಿ, ಬೆತ್ತದಿಂದ ಬಡಿದುಕೊಳ್ಳಬಹುದು. ಮಗಳು ಫೋನು ಹಿಡಿದು ಕಾಯುತ್ತಿದ್ದಳು. ಮಗಳ ಎದುರು ಅಂಗಡಿಯ ಉತ್ತರ ಕೊಡಲು ಬಾಯಿ ಬರಲಿಲ್ಲ. "ಹಳೇ ಅರಳಿ ಒಗೀಬ್ಯಾಡ್ರಿ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಮಮ್ತಾಜ ಹೊರಗೆ ಬಂದು ನಿಂತಳು. "ಏನ್ ನಡಸೀರಿ? ಎಲ್ಲಾರೂ ತಮ್ಮ ತಮ್ಮ ಮನ್ಯಾಗ ಬಡಕೊಂಡು ಕುಂತ್ರ, ನೀವು ಯಾರದ ಬಡೀತೀರಿ? ನನ್ನ ತಲೀನ?" ರೇಷ್ಮಾ ಅದನ್ನು ನಮ್ಮ ಮಾತಿನಲ್ಲೇ, ಕನ್ನಡ ಅಕ್ಷರದಲ್ಲಿ, 'ದ'ಕ್ಕೆ 'ದ' ಹಾಕಿ ಪುಟಕ್ಕೆ ಏರಿಸಿ ದಾಂಡೇಲಿಗೆ ಹೋದಳು.

ನಾನು ದಿನಾ ಹುಡುಕಿದೆ. ಮೊದಲ ಪುಟದಲ್ಲಿ ಫೋಮಿನವರು, ಎರಡನೆಯದರಲ್ಲಿ ಸ್ಪ್ರಿಂಗಿನವರು. ಮೂರನೆಯ ಪುಟದಲ್ಲಿ ನಾಯಿಗಳಿಗೆ ಹಾಸಿಗೆ ಮಾಡಿ ಮಾರುವ ಒಬ್ಬರಿದ್ದರು. ಅವರ ಕೆಳಗೆ ನನ್ನ ಹೆಸರು ನೋಡುವ ಧೈರ್ಯ ನನಗಿರಲಿಲ್ಲ, ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. ಬಿಸಿಲು ಏರಿತು, ಇಳಿಯತೊಡಗಿತು. ಮುಂದೆ ಹಾಕಿಕೊಂಡ ಅರಳೆಯ ಚೀಲಗಳು ಇದ್ದಂತೆಯೇ ಇದ್ದವು. ಪಶ್ಚಿಮದ ಕಡೆ ಮೋಡ ಕಾಣಿಸಿಕೊಂಡ ದಿನ ಮಲ್ಲಪ್ಪ ರಸ್ತೆಯ ಆಚೆಯಿಂದಲೇ, "ಹುಸೇನಿ, ನಿನ್ನ ಸಲುವಾಗಿ ಕುರ್ಚಿ ತರಿಸೇನಿ. ತಿರಗೂ ಕುರ್ಚಿ!" ಎಂದು ಕೂಗಿದ. ಇಡೀ ಪೇಟೆಗೆ ಕೇಳಿಸಿತು. ಮಮ್ತಾಜ ಅಂದು ನನ್ನ ಬಿಳಿ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫೋನು ಬಡಿದುಕೊಂಡದ್ದು ಅದರ ಎರಡನೆಯ ದಿನ. ಹಳೆಯ ಅನುಭವದಿಂದ ನಾನು ಮೊದಲೇ ಕೇಳಿದೆ: "ಗಾದಿಯೋ, ಗಾಡಿಯೋ?"

"ಗಾದಿರೀ. ದನದ ದ."

ಮುಂಡಗೋಡದ ಟಿಬೆಟನ್ ಕಾಲೊನಿಯಿಂದ, ಅಲ್ಲಿಯ ಒಂದು ಸಣ್ಣ ಮಠದ ಅತಿಥಿಗೃಹವನ್ನು ನೋಡಿಕೊಳ್ಳುವ ಲೋಬ್ಸಾಂಗ್ ಎಂಬ ಲಾಮಾ ಮಾತಾಡುತ್ತಿದ್ದರು. ನನ್ನ ಹಿಂದಿಯನ್ನು ಝಾಡಿಸಿ ಹೊರತೆಗೆಯುತ್ತಿದ್ದೆ. ಅವರೇ ತಡೆದು, "ಕನ್ನಡದಾಗ ಹೇಳ್ರಿ, ನಾ ಇಲ್ಲೇ ಹುಟ್ಟಿ ಬೆಳದಾಂವ" ಎಂದರು. ಅತಿಥಿಗೃಹದ ಗಾದಿಗಳೆಲ್ಲ ಗಂಟುಕಟ್ಟಿವೆ, ಎಲ್ಲ ಎಸೆದು ಫೋಮು ತರಿಸಬೇಕೆಂದು ಉಳಿದವರ ಮಾತು. ನೋಡುತ್ತೇನೆ ತಡೆಯಿರಿ ಎಂದು ಇವರು ತಡೆದಿದ್ದಾರೆ. "ಮಳಿ ಬರೂದರೊಳಗ ಆಕ್ಕೈತೇನ್ರಿ?" ಎಂದರು. ನನಗೂ ಅದೇ ಪ್ರಶ್ನೆ ಇತ್ತು. "ಆಕ್ಕೈತ್ರಿ" ಎಂದೆ.

ನನ್ನ ಹಿಂಜುವ ಯಂತ್ರವನ್ನೂ ಎರಡು ಚೀಲ ಅರಳೆಯನ್ನೂ ಪರಶುರಾಮನ ಟೆಂಪೊದಲ್ಲಿ ಏರಿಸಿದೆವು. ದಾರಿಯಲ್ಲಿ ಸನವಳ್ಳಿಯ ಹತ್ತಿರ ನಾಲ್ಕು ಹನಿ ಬಿದ್ದವು. ನಾನು ಅರಳೆಗೆ ತಾಡಪತ್ರೆ ಹೊದಿಸಿ, ಅದರ ಮೇಲೆ ನಾನೂ ಮಲಗಿಬಿಟ್ಟೆ. ಕಾಲೊನಿಯಲ್ಲಿ ಬಿಸಿಲಿತ್ತು. ಎಂಟು ದಿನ ಪುಣ್ಯಕ್ಕೆ ಬಿಸಿಲೇ ಇತ್ತು. ಗಾದಿ ಬಿಚ್ಚಿ ಅಂಗಳದ ತುಂಬ ಅರಳೆ ಹರವಿದೆವು. ಪುಟದಲ್ಲಿ ನಾನೇ ಹೇಳಿದ್ದೆನಲ್ಲ, ಮನೆಯವರೇ ಬಡಿದುಕೊಳ್ಳಬಹುದು ಎಂದು? ಲಾಮಾಗಳು ಅದನ್ನು ಓದಿ ಬೆತ್ತ ಸಿದ್ಧಮಾಡಿಕೊಂಡೇ ಕೂತಿದ್ದರು. ಹತ್ತು ಹನ್ನೆರಡು ಜನ ತೋಳೇರಿಸಿ ಬಡಿಯಲು ನಿಂತರೆ ನನಗೆ ಅವರನ್ನು ತಡೆಯುವುದೇ ಕೆಲಸವಾಯಿತು. "ಸಿಟ್ಟಿಲೆ ಬಡೀಬ್ಯಾಡ್ರಿ, ಎಳಿ ಹರೀತೈತಿ! ಎಬ್ಬಿಸೂಹಂಗ ಬಡೀರಿ, ಮಲಗಿಸೂಹಂಗ ಅಲ್ಲ!" ಲೋಬ್ಸಾಂಗ್ ಅದನ್ನು ಅವರ ಭಾಷೆಗೆ ತಿರುಗಿಸಿದರು. ಎಲ್ಲರೂ ಬಹಳ ಗಂಭೀರವಾಗಿ ತಲೆಯಾಡಿಸಿದರು. ಅದರಲ್ಲಿ ಅವರಿಗೆ ಏನು ಅರ್ಥ ಕಂಡಿತೋ, ನಾನು ಹೇಳಿದ್ದು ಅರಳೆಯ ಮಾತಷ್ಟೇ. ಹಾರಿದ ಅರಳೆ ಅವರ ಕೆಂಪು ಬಟ್ಟೆಗಳ ಮೇಲೆಲ್ಲ ಕೂತಿತು. ಕಟ್ಟೆಯ ಮೇಲೆ ಕೂತ ಒಬ್ಬ ಮುದಿ ಲಾಮಾ ತಮ್ಮ ತೋಳನ್ನೇ ನೋಡಿಕೊಂಡು, "ಬರ್ಫ್, ಹಿಮ" ಎಂದು ಮಗುವಿನಂತೆ ನಕ್ಕರು. ಸಾಯಂಕಾಲದವರೆಗೂ ಅವರು ಅದನ್ನು ಝಾಡಿಸಿಕೊಳ್ಳಲಿಲ್ಲ. ಎರಡನೆಯ ದಿನದಿಂದ ಎಲ್ಲರೂ ನನ್ನನ್ನು ಮಾಸ್ತರ ಎಂದು ಕರೆಯತೊಡಗಿದರು. ನಾನು ತಿದ್ದಲಿಲ್ಲ.

ಕೊನೆಯ ಗಾದಿಗೆ ಟಾಕಾ ಹಾಕಿ ದಾರ ಕತ್ತರಿಸುವ ಹೊತ್ತಿಗೆ ಮಳೆ ಹಿಡಿಯಿತು. ಲೋಬ್ಸಾಂಗ್ ಚಹಾ ತಂದರು. ಜೊತೆಗೆ ಇನ್ನೊಂದು ಮಾತೂ ತಂದರು: ಪ್ರಾರ್ಥನೆಯ ಪಡಸಾಲೆಯ ಕೂಡುವ ಗಾದಿಗಳೂ ಹಳೆಯವಾಗಿವೆ, ಮಳೆಗಾಲದಲ್ಲಿ ಅವುಗಳಿಗೆ ಹೊಸ ಗವಸು ಹೊಲಿದಿಟ್ಟರೆ, ಬಿಸಿಲು ಬಿದ್ದ ಕೂಡಲೇ ಅರಳೆಯ ಕೆಲಸ ಶುರು ಮಾಡಬಹುದಲ್ಲ? ಅಂದರೆ ನಾಲ್ಕು ತಿಂಗಳು ನನ್ನ ಹೊಲಿಗೆ ಯಂತ್ರ ನಿಲ್ಲುವುದಿಲ್ಲ. ಅಂದರೆ ಕುರ್ಚಿ ಬೇಡ. ನಾನು ಚಹಾ ಊದುವ ನೆಪದಲ್ಲಿ ಮುಖವನ್ನು ಲೋಟದ ಹಿಂದೆ ಅಡಗಿಸಿಕೊಂಡೆ. ಲೋಟ ಕೆಳಗಿಟ್ಟು, ಇಷ್ಟು ದಿನ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿದೆ.

"ನಾ ನಿಮಗ ಫೋನಿನ್ಯಾಗ ಎಲ್ಲಿ ಸಿಕ್ಕೆ?"

"ನಾಕನೇ ಪುಟದಾಗ."

"ನಾಕನೇದಾ? ಅಲ್ಲೀತನಕ ಯಾರ ಹೋಗ್ತಾರ್ರಿ?"

"ಮೊದಲಿನ ಮೂರು ಪುಟದಾಗ ಎಲ್ಲಾರೂ ಒಂದ ಮಾತು ಹೇಳಿದ್ರು. ಹಳೇದು ಒಗೀರಿ, ಹೊಸಾದು ತಗೋರಿ. ಒಗೀಬ್ಯಾಡ್ರಿ ಅನ್ನಾವ ಒಬ್ಬ ಎಲ್ಲರೆ ಇರಬೇಕಲ್ಲ ಅಂತ ಅನ್ನಿಸಿತು. ಸಿಗೂತನಕ ಕೆಳಗ ಹೋದೆ" ಎಂದರು. ಬಹಳ ಸಾದಾ ಮಾತಿನಂತೆ ಹೇಳಿ ಬಿಸ್ಕೀಟು ಮುಂದೆ ಸರಿಸಿದರು.

ಮೇಲೆ ಹೋಗುವುದು ಹೇಗೆಂದು ನಾನು ಹಗಲೆಲ್ಲ ತಲೆ ಕೆಡಿಸಿಕೊಂಡಿದ್ದೆ. ಒಬ್ಬ ಮನುಷ್ಯ ನನ್ನನ್ನು ಹುಡುಕಿಕೊಂಡು ಕೆಳಗೆ ಇಳಿದು ಬರಬಹುದು ಎಂಬುದು ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ತಗಡಿನ ಮೇಲೆ ಮಳೆ ಜೋರಾಯಿತು. ಓದಿದವರಾಗಿದ್ದರೆ ಆ ಹೊತ್ತಿನಲ್ಲಿ ಏನಾದರೂ ದೊಡ್ಡದನ್ನು ಯೋಚಿಸುತ್ತಿದ್ದರೇನೋ. ನನ್ನ ಬಾಯಿಂದ ಬಂದದ್ದು ಇಷ್ಟು: "ನಾಕನೇ ಪುಟದಾಗ ಎಷ್ಟನೇ ನಂಬರಿಗೆ ಇದ್ದೆ?"

ಲೋಬ್ಸಾಂಗ್ ಸ್ವಲ್ಪ ನೆನಪು ಮಾಡಿಕೊಂಡರು. "ಮೊದಲನೇದು" ಎಂದರು.

ಹಳಿಯಾಳಕ್ಕೆ ಬಂದವನು ಮನೆಗೂ ಹೋಗದೆ ಮಲ್ಲಪ್ಪನ ಗಾಜಿನ ಬಾಗಿಲು ತಳ್ಳಿದೆ. ತಿರುಗುವ ಕುರ್ಚಿಗೆ ಇನ್ನೂ ಪ್ಲಾಸ್ಟಿಕ್ ಸುತ್ತಿತ್ತು. "ಬಾರೋ ಹುಸೇನಿ, ಕೂಡು" ಎಂದ. "ಕೂಡಾಕ ಬಂದಿಲ್ಲಪಾ, ಹೇಳಾಕ ಬಂದೇನಿ. ನಾ ಮತ್ತ ಫಸ್ಟ್ ನಂಬರಿಗೆ ಬಂದೇನಿ. ಈ ಸಲ ಗಾಡಿಯೊಳಗ ಅಲ್ಲ, ಗಾದಿಯೊಳಗ" ಎಂದೆ. ಮಲ್ಲಪ್ಪನಿಗೆ ನಿಜವಾಗಿ ಸಂತೋಷವಾಯಿತು. ನನ್ನ ಬೆನ್ನು ತಟ್ಟಿದ. ಆಮೇಲೆ ಕಿಸೆಯಿಂದ ಫೋನು ತೆಗೆದು, ಕನ್ನಡಕ ಏರಿಸಿ, ಹುಡುಕತೊಡಗಿದ. "ಎಲ್ಲೈತೋ, ಕಾಣವಲ್ದಲ್ಲ?" "ಸಾವಕಾಶ ನೋಡು, ಹಂಗ ಕೆಳಗ ಹೋಗು" ಎಂದೆ. ಅವನ ಬೆರಳು ಎರಡನೆಯ ಪುಟಕ್ಕೆ ದಾಟುವುದನ್ನು ನೋಡಿ, ನಮಾಜಿನ ಹೊತ್ತಾಯಿತೆಂದು ಹೇಳಿ ಅವಸರದಿಂದ ಹೊರಬಿದ್ದು ಮಳೆಯಲ್ಲೇ ರಸ್ತೆ ದಾಟಿದೆ. ನಮಾಜಿಗೆ ಇನ್ನೂ ಒಂದು ತಾಸಿನ ಮೇಲೆ ಹೊತ್ತಿತ್ತು.